ನಂದಿನಿ ಯಾರ ಮಾತು ಕೇಳುತ್ತದೆ?

ಹಾಲಿನ ದರ ಏರಿದಾಗಲೆಲ್ಲ ಈ ಅಂಕಣಕ್ಕೆ ಎರಡು ದಿಕ್ಕಿನಿಂದ ಪತ್ರ ಬರುತ್ತವೆ. ಬೆಂಗಳೂರು, ಮೈಸೂರಿನ ಕಡೆಯವರು ‘ನಂದಿನಿ ನಮ್ಮದು ಅಂತ ಹೇಳಿ ನಮ್ಮ ಜೇಬಿಗೇ ಕೈ ಹಾಕ್ತಾರಲ್ಲ, ಇದು ಲಾಭಕ್ಕೆ ಇರೋ ಸಂಸ್ಥೆಯೋ ಸೇವೆಗೆ ಇರೋದೋ’ ಎಂದು ಕೇಳುತ್ತಾರೆ. ಮಂಡ್ಯ, ಹಾಸನ, ಕೋಲಾರದ ಕಡೆಯವರು ‘ಹಿಂಡಿ, ಬೂಸಾ ಬೆಲೆ ಏರಿದ್ದಕ್ಕೆ ಇದು ಯಾತಕ್ಕೂ ಸಾಲದು, ಒಕ್ಕೂಟದವರು ಯಾರ ಪರ’ ಎಂದು ಕೇಳುತ್ತಾರೆ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗಲೂ ಹಾಗೇ ಆಯಿತು. ಈ ನಡುವೆ ಕಾಮರ್ಸ್ ಓದುವ ಹುಡುಗಿಯೊಬ್ಬಳು ಬರೆದಿದ್ದಳು: ವ್ಯವಹಾರದ ಗುರಿ ಲಾಭ ಎಂದು ಪಠ್ಯದಲ್ಲಿದೆ, ಹಾಗಾದರೆ ನಂದಿನಿ ಹೆಸರಲ್ಲಿ ಹಾಲು ಮಾರುವ ಕರ್ನಾಟಕ ಹಾಲು ಮಹಾಮಂಡಳದ, ಅಂದರೆ ಕೆಎಂಎಫ್‌ನ ಗುರಿ ಯಾವುದು? ಮೂರು ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ. ಒಂದು ಸಂಸ್ಥೆ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?

ಪುಸ್ತಕದ ಉತ್ತರಗಳನ್ನು ಬೇಗ ಹೇಳಿಬಿಡುತ್ತೇನೆ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಬರೆದ ಲೇಖನದ ತಿರುಳು, ಕಾನೂನಿನ ಚೌಕಟ್ಟಿನೊಳಗೆ ಲಾಭ ಹೆಚ್ಚಿಸುವುದೇ ವ್ಯವಹಾರದ ಹೊಣೆ ಎಂಬುದು. 1984ರಲ್ಲಿ ಚಿಂತಕ ಎಡ್ವರ್ಡ್ ಫ್ರೀಮನ್ ಇನ್ನೊಂದು ದಾರಿ ತೋರಿಸಿದರು: ಷೇರುದಾರರಷ್ಟೇ ಅಲ್ಲ, ಕಾರ್ಮಿಕರು, ಗ್ರಾಹಕರು, ಸರಕು ಪೂರೈಸುವವರು, ಸುತ್ತಲಿನ ಊರು, ಹೀಗೆ ಯಾರಿಗೆಲ್ಲ ಸಂಸ್ಥೆಯ ನಡೆಯಿಂದ ಒಳಿತು ಕೆಡುಕು ಆಗುತ್ತದೋ ಅವರೆಲ್ಲರ ಹಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಕೂಡ ನಿರ್ದೇಶಕರ ಕರ್ತವ್ಯ ಹೇಳುವಾಗ ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರವನ್ನೂ ಸೇರಿಸಿದೆ. ಇವೆಲ್ಲ ಸರಿಯೇ. ಆದರೆ ಎಲ್ಲರ ಹಿತವನ್ನೂ ನೋಡುತ್ತೇವೆ ಎಂದು ಯಾವ ಸಂಸ್ಥೆ ಬೇಕಾದರೂ ಹೇಳಬಹುದು. ಎಲ್ಲರಿಗೂ ಹೂಂ ಅನ್ನಲು ಆಗದ ದಿನ ಬರುತ್ತದಲ್ಲ, ಆ ದಿನ ಯಾರಿಗೆ ಇಲ್ಲ ಅಂದರು ಎಂಬುದನ್ನು ನೋಡಿದರೆ ನಿಜವಾದ ಗುರಿ ಗೊತ್ತಾಗುತ್ತದೆ ಎಂಬುದು ಇಷ್ಟು ವರ್ಷ ವ್ಯವಹಾರದ ಸುದ್ದಿಗಳನ್ನು ಹಿಂಬಾಲಿಸಿದ ಮೇಲೆ ನನಗೆ ಉಳಿದಿರುವ ತಿಳಿವಳಿಕೆ. ಅದನ್ನು ತೋರಿಸಲು ನಂದಿನಿಗಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಇಲ್ಲ.

ಮೊದಲು ಇದರ ರಚನೆ ನೋಡೋಣ. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಡೇರಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಬಂತು. 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಗುಜರಾತಿನ ಆಣಂದ್ ಮಾದರಿಯ ಮೂರು ಹಂತ: ಊರಲ್ಲಿ ಹಾಲು ಉತ್ಪಾದಕರ ಸಂಘ, ಜಿಲ್ಲೆಯ ಮಟ್ಟದಲ್ಲಿ ಒಕ್ಕೂಟ, ಮೇಲೆ ಮಹಾಮಂಡಳ. ಹಾಲು ಹಾಕುವ ರೈತನೇ ಸಂಘದ ಸದಸ್ಯ, ಅಂದರೆ ಮಾಲೀಕ. ಇಂಥ ಸದಸ್ಯರು 20 ಲಕ್ಷಕ್ಕೂ ಹೆಚ್ಚು.

ರೈತನೇ ಮಾಲೀಕ ಎಂಬ ಈ ಒಂದು ಮಾತಿನಲ್ಲೇ ಪಠ್ಯಪುಸ್ತಕದ ಲಾಭದ ಲೆಕ್ಕ ತಲೆಕೆಳಗಾಗುತ್ತದೆ. ಖಾಸಗಿ ಡೇರಿಯಲ್ಲಿ ಮಾಲೀಕ ಬೇರೆ, ಹಾಲು ಕೊಡುವವನು ಬೇರೆ. ರೈತನಿಗೆ ಲೀಟರಿಗೆ 1 ರೂಪಾಯಿ ಕಡಿಮೆ ಕೊಟ್ಟರೆ ಅದು ಮಾಲೀಕನ ಲಾಭ. ಸಹಕಾರಿಯಲ್ಲಿ ಇಬ್ಬರೂ ಒಬ್ಬರೇ. ಒಕ್ಕೂಟ ವರ್ಷದ ಕೊನೆಗೆ ದೊಡ್ಡ ಲಾಭ ತೋರಿಸಿದರೆ ರೈತ ಸಂತೋಷಪಡುವುದಿಲ್ಲ. ‘ಅಷ್ಟು ಉಳಿದಿದ್ದರೆ ನಮ್ಮ ಬಟವಾಡೆಯಲ್ಲೇ ಕೊಡಬಹುದಿತ್ತಲ್ಲ’ ಅನ್ನುತ್ತಾನೆ. ಅವನ ಮಾತು ನ್ಯಾಯವೇ. ಹಾಗೆಂದು ಇದ್ದುದನ್ನೆಲ್ಲ ಹಂಚಿಬಿಟ್ಟರೆ ಹೊಸ ಶೀತಲ ಘಟಕ, ಪುಡಿ ಮಾಡುವ ಯಂತ್ರ, ಟ್ಯಾಂಕರುಗಳಿಗೆ ದುಡ್ಡಿಲ್ಲ. ಇಲ್ಲಿ ಲಾಭ ಅನ್ನುವುದು ಇವತ್ತಿನ ರೈತನಿಂದ ನಾಳಿನ ರೈತನಿಗೆ ಎತ್ತಿಟ್ಟ ಹಣ. ಎಷ್ಟು ಎತ್ತಿಡಬೇಕು ಎಂಬುದು ಪ್ರತಿ ಒಕ್ಕೂಟದ ಆಡಳಿತ ಮಂಡಳಿಯಲ್ಲೂ ನಿಲ್ಲದ ಜಗಳ.

ಮಂಡ್ಯ ಜಿಲ್ಲೆಯಲ್ಲಿ ನಮ್ಮ ನೆಂಟರ ಊರಿದೆ. ಅಲ್ಲಿಗೆ ಹೋದಾಗ ಬೆಳಗ್ಗೆ ಎದ್ದು ಡೇರಿಯ ಹತ್ತಿರ ನಿಲ್ಲುವುದು ನನಗೆ ಇಷ್ಟ. ಸಂಘದ ಕಟ್ಟಡವನ್ನು ಊರಲ್ಲಿ ಯಾರೂ ಸಂಘ ಅನ್ನುವುದಿಲ್ಲ, ಡೇರಿ ಎಂದೇ ಹೇಳುತ್ತಾರೆ. ಆರು ಗಂಟೆಗೆಲ್ಲ ಸ್ಟೀಲ್ ಕ್ಯಾನು, ಬಕೆಟ್ಟು ಹಿಡಿದು ಸಾಲು ನಿಂತಿರುತ್ತದೆ. ಒಬ್ಬೊಬ್ಬರ ಹಾಲಿನಿಂದಲೂ ಸಣ್ಣ ಬಟ್ಟಲಲ್ಲಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಜಿಡ್ಡು ಎಷ್ಟು, ಜಿಡ್ಡಲ್ಲದ ಘನಾಂಶ ಎಷ್ಟು, ಒಟ್ಟು ತೂಕ ಎಷ್ಟು ಎಂಬ ಅಂಕಿ ಬಂದು ಚೀಟಿ ಹೊರಬೀಳುತ್ತದೆ. ಜಿಡ್ಡು 3.5, ಘನಾಂಶ 8.5 ಇದ್ದರೆ ಪೂರ್ತಿ ದರ. ಕಡಿಮೆ ಬಂದರೆ ದರ ಇಳಿಯುತ್ತದೆ. ಒಮ್ಮೆ ನನ್ನ ಮುಂದೆಯೇ ಒಬ್ಬ ಹೆಂಗಸು ಚೀಟಿ ನೋಡಿ ಮುಖ ಸಣ್ಣ ಮಾಡಿಕೊಂಡರು. ಘನಾಂಶ 8.2 ಇತ್ತು. ‘ಮಳೆ ಬಂದು ಹಸಿ ಹುಲ್ ಜಾಸ್ತಿ ತಿಂದದೆ ಕಣಪ್ಪ, ಡಿಗ್ರಿ ಬಿದ್ದೋಗದೆ’ ಅಂದರು ಪರೀಕ್ಷೆ ಮಾಡುವ ಹುಡುಗನಿಗೆ. ಅವನು ‘ನಾನೇನ್ ಮಾಡ್ಲಕ್ಕ, ಮಿಷಿನ್ ಏಳ್ತದೆ’ ಅಂದ.

ಆ 8.5 ಎಂಬ ಅಂಕಿಯ ಹಿಂದೆ ಬೆಂಗಳೂರಿನ ಗ್ರಾಹಕ ಇದ್ದಾನೆ. ಅವನು ಆ ಊರನ್ನು ನೋಡಿಲ್ಲ, ಆ ಹೆಂಗಸಿನ ಹೆಸರು ಗೊತ್ತಿಲ್ಲ. ಆದರೂ ಪ್ಯಾಕೆಟ್ಟಿನ ಹಾಲು ತೆಳುವಾದರೆ ಬೇರೆ ಬ್ರ್ಯಾಂಡಿಗೆ ಹೋಗುತ್ತಾನೆ ಎಂಬ ಭಯ ಅಲ್ಲಿಂದ ಕೆಳಗಿಳಿದು ಹಳ್ಳಿಯ ಚೀಟಿಯ ಮೇಲೆ ಬಂದು ಕೂತಿದೆ. ಬಿಟ್ಟುಹೋಗಬಲ್ಲವನ ಮಾತಿಗೆ ಸಂಸ್ಥೆಗಳು ಹೀಗೆ ಕಿವಿಗೊಡುತ್ತವೆ, ಅವನು ಬಾಯಿ ತೆರೆಯುವ ಮೊದಲೇ. ನಗರದ ಅಂಗಡಿಯಲ್ಲಿ ನಾಲ್ಕಾರು ಖಾಸಗಿ ಹಾಲು ಪಕ್ಕಪಕ್ಕದಲ್ಲೇ ಸಿಗುತ್ತವೆ. ಆ ಹೆಂಗಸಿಗೆ ಹಾಗೆ ಬಿಟ್ಟುಹೋಗುವುದು ಸುಲಭವಲ್ಲ. ಕರೆದ ಹಾಲು ಸಂಜೆಯವರೆಗೆ ಕಾಯುವುದಿಲ್ಲ, ಡೇರಿ ಬಿಟ್ಟರೆ ಊರಲ್ಲಿ ಬೇರೆ ದಾರಿ ಕಡಿಮೆ.

ಬಿಟ್ಟುಹೋಗಲು ಆಗದವರಿಗೆ ಇರುವ ಬಲ ಮತ. ರೈತನಿಗೆ ಅದು ಎರಡು ಕಡೆ ಇದೆ, ಸಂಘದಲ್ಲಿ ಒಂದು, ವಿಧಾನಸಭೆಗೆ ಒಂದು. ಒಕ್ಕೂಟದ ನಿರ್ದೇಶಕ ಸ್ಥಾನ ನಮ್ಮಲ್ಲಿ ಎಷ್ಟೋ ಜನರಿಗೆ ರಾಜಕೀಯದ ಮೊದಲ ಮೆಟ್ಟಿಲಾಗಿರುವುದು ಸುಮ್ಮನೆ ಅಲ್ಲ. ದಿನಕ್ಕೆರಡು ಬಾರಿ ಊರಿನ ಮನೆಮನೆಯವರೂ ಬಂದು ಹೋಗುವ ಇನ್ನೊಂದು ಜಾಗ ಹಳ್ಳಿಯಲ್ಲಿ ಇಲ್ಲ. ಹೀಗಾಗಿ ಸರ್ಕಾರ ಈ ವ್ಯವಹಾರದ ಮೂರನೆಯ ದೊಡ್ಡ ಕೈ. 2008ರಲ್ಲಿ ರಾಜ್ಯ ಸರ್ಕಾರ ಹಾಲು ಹಾಕುವವರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರುಮಾಡಿತು. 2013ರಲ್ಲಿ ಅದು 4 ರೂಪಾಯಿ ಆಯಿತು, ಮುಂದೆ ಇನ್ನೂ ಏರಿತು. ರೈತನಿಗೆ ಇದರಿಂದ ಉಪಕಾರವಾಗಿದೆ, ಅನುಮಾನವಿಲ್ಲ. ಅದರ ಜೊತೆಗೇ ಇನ್ನೊಂದು ಆಗಿದೆ. ಹಣ ಕೊಟ್ಟವರ ಮಾತು ದರದಲ್ಲೂ ನಡೆಯತೊಡಗಿತು. ಇವತ್ತು ಹಾಲಿನ ಮಾರಾಟ ದರ ಏರಬೇಕಾದರೆ ಮಹಾಮಂಡಳ ಮುಖ್ಯಮಂತ್ರಿಗಳ ಮುಂದೆ ಹೋಗಿ ನಿಲ್ಲಬೇಕು. ಚುನಾವಣೆ ಹತ್ತಿರವಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದಾಗ ರೈತ ಬೈಯುವುದು ಡೇರಿಯ ಕಾರ್ಯದರ್ಶಿಯನ್ನು, ವಿಧಾನಸೌಧವನ್ನಲ್ಲ.

ಸರ್ಕಾರದ ಕೈ ಇರುವುದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯವನ್ನೇ ನೋಡಿ. ಹಾಲು ಹೆಚ್ಚಾಗಿ, ಪುಡಿ ಮಾಡಿ ಗೋದಾಮಿನಲ್ಲಿ ಇಟ್ಟುಕೊಂಡರೆ ಒಕ್ಕೂಟಕ್ಕೆ ನಷ್ಟ. ಪುಡಿಯ ಬೆಲೆ ಪೇಟೆಯಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ಆ ಪುಡಿ ಶಾಲೆಗೆ ಹೋಗಿ ಮಕ್ಕಳ ಲೋಟದಲ್ಲಿ 150 ಮಿಲಿಲೀಟರ್ ಬಿಸಿ ಹಾಲಾಯಿತು. ರೈತನ ಹಾಲು ಬೇಡ ಅನ್ನಿಸಿಕೊಳ್ಳಲಿಲ್ಲ, ಒಕ್ಕೂಟದ ಗೋದಾಮು ಖಾಲಿಯಾಯಿತು, ಮಗುವಿಗೆ ಪೌಷ್ಟಿಕಾಂಶ ಸಿಕ್ಕಿತು. ಹಾಲು ಮಾರುವುದಷ್ಟೇ ಗುರಿಯಾಗಿದ್ದ ಸಂಸ್ಥೆಗೆ ಶಾಲೆಯ ಮಗುವೂ ಒಂದು ಗುರಿಯಾಯಿತು. ಯಾರಿಗೂ ಇಲ್ಲ ಅನ್ನದೆ ನಡೆದ ಅಪರೂಪದ ತೀರ್ಮಾನ ಇದು, ನನಗೆ ಇದರ ಮೇಲೆ ಬಹಳ ಅಭಿಮಾನವಿದೆ.

ಹಾಗೆ ಹೊಂದದ ದಿನಗಳೇ ಹೆಚ್ಚು. 2024ರ ಜೂನ್ 26ರಂದು ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಳ್ಳೆಯ ಮಳೆ, ಹಸಿ ಮೇವು, ದಿನದ ಹಾಲು ಸಂಗ್ರಹ 1 ಕೋಟಿ ಲೀಟರಿನ ಹತ್ತಿರ ಬಂದಿತ್ತು. ಖಾಸಗಿ ಡೇರಿಯಾಗಿದ್ದರೆ ‘ನಾಳೆಯಿಂದ ಇಷ್ಟೇ ಹಾಲು ತಗೋತೀವಿ’ ಅಂದುಬಿಡಬಹುದು. ಸಹಕಾರಿ ತನ್ನ ಮಾಲೀಕನ ಹಾಲನ್ನೇ ಬೇಡ ಅನ್ನಲಾಗದು. ಪುಡಿ ಮಾಡಿದರೆ ನಷ್ಟ. ಖರೀದಿ ದರ ಇಳಿಸಿದರೆ ರೈತರು ಬೀದಿಗೆ ಇಳಿಯುತ್ತಾರೆ. ಮಾರಾಟ ದರ ಏರಿಸಿದರೆ ಗ್ರಾಹಕ ಸಿಟ್ಟಾಗುತ್ತಾನೆ, ವಿರೋಧ ಪಕ್ಷಕ್ಕೆ ಒಂದು ವಿಷಯ ಸಿಗುತ್ತದೆ. ಆಗ ಹೊಳೆದ ಉಪಾಯ, ಪ್ರತಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚಿಗೆ ಹಾಕಿ 2 ರೂಪಾಯಿ ಹೆಚ್ಚು ತೆಗೆದುಕೊಳ್ಳುವುದು. 42 ರೂಪಾಯಿಯ 1 ಲೀಟರ್ ಟೋನ್ಡ್ ಹಾಲು 44 ರೂಪಾಯಿಯ 1,050 ಮಿಲಿಲೀಟರ್ ಆಯಿತು. ಇದು ದರ ಏರಿಕೆಯಲ್ಲ ಎಂದು ಸರ್ಕಾರ ಹೇಳಿತು. ಲೆಕ್ಕದ ಪ್ರಕಾರ ಅದು ನಿಜವೇ. ಆದರೆ 1 ಲೀಟರ್ ಸಾಕು ಎನ್ನುವವರಿಗೆ ಅದು ಸಿಗದಂತಾಯಿತು, ಬೇಕಿಲ್ಲದ 50 ಮಿಲಿಲೀಟರಿಗೂ ದುಡ್ಡು ಕೊಡಲೇಬೇಕಾಯಿತು. ಆ ದಿನ ಸಂಸ್ಥೆ ಇಲ್ಲ ಅಂದದ್ದು ಗ್ರಾಹಕನಿಗೆ, ಮೆಲುದನಿಯಲ್ಲಿ. 2025ರ ಏಪ್ರಿಲ್‌ನಲ್ಲಿ ಹೆಚ್ಚುವರಿ ಹಾಲು ಹೋಗಿ ಹಳೆಯ ಅಳತೆಯೇ ಮರಳಿತು, 1 ಲೀಟರಿಗೆ 46 ರೂಪಾಯಿ ಆಯಿತು. ಏರಿದ 4 ರೂಪಾಯಿಯೂ ರೈತರಿಗೇ ಹೋಗುತ್ತದೆ ಎಂದು ಹೇಳಿದರು. ಈ ಬಾರಿ ನೇರವಾಗಿ ಹೇಳಿದರು ಎಂಬುದೇ ನನಗೆ ಸಮಾಧಾನ ತಂದ ಸಂಗತಿ. ದರ ಏರಿದೆ, ಇಂಥವರಿಗಾಗಿ ಏರಿದೆ ಅಂದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಆ 50 ಮಿಲಿಲೀಟರಿನ ಬಿಸಿ ಇನ್ನೊಬ್ಬರಿಗೂ ತಟ್ಟಿತು. ನಮ್ಮ ರಸ್ತೆಯ ತಿರುವಿನಲ್ಲಿ ಹಾಲಿನ ಬೂತ್ ಇಟ್ಟಿರುವವರು ನಸುಕಿನಲ್ಲೇ ಎದ್ದು ಲಾರಿಯಿಂದ ಕ್ರೇಟು ಇಳಿಸಿಕೊಳ್ಳುತ್ತಾರೆ. ಆ ಜೂನ್ ವಾರವಿಡೀ ಬಂದವರೆಲ್ಲ ಅವರನ್ನೇ ಕೇಳುತ್ತಿದ್ದರು, ‘ಯಾಕ್ರೀ, ಹಳೇ ಪ್ಯಾಕೆಟ್ ಇಲ್ವಾ?’ ಒಬ್ಬೊಬ್ಬರಿಗೂ ವಿವರಿಸಿ ಹೇಳುತ್ತಿದ್ದರು. ಅವರ ಕಮಿಷನ್ ಎಷ್ಟಿರಬೇಕು, ಒಡೆದ ಪ್ಯಾಕೆಟ್ಟಿನ ನಷ್ಟ ಯಾರದ್ದು, ಯಾವ ಅಳತೆ ಚೆನ್ನಾಗಿ ಮಾರುತ್ತದೆ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಗ್ರಾಹಕನ ನಾಡಿ ಅವರಿಗಿಂತ ಚೆನ್ನಾಗಿ ಬಲ್ಲವರು ಆ ಸಂಸ್ಥೆಯಲ್ಲಿ ಇನ್ನಾರೂ ಇರಲಾರರು.

ಕೆಲವೊಮ್ಮೆ ದೊಡ್ಡ ಗಿರಾಕಿಗೂ ಇಲ್ಲ ಅನ್ನಬೇಕಾಗುತ್ತದೆ. ತಿರುಮಲದ ಲಡ್ಡುವಿಗೆ ನಂದಿನಿ ತುಪ್ಪ ಹೋಗುತ್ತಿತ್ತು. 2023ರಲ್ಲಿ ಟೆಂಡರ್‌ನಲ್ಲಿ ಕಡಿಮೆ ದರ ಕೂಗಿದವರ ಮಟ್ಟಕ್ಕೆ ಇಳಿಯಲು ಸಾಧ್ಯವಿಲ್ಲ ಎಂದು ಮಹಾಮಂಡಳ ಹಿಂದೆ ಸರಿಯಿತು. ಆ ದರಕ್ಕೆ ಕೊಟ್ಟಿದ್ದರೆ ವ್ಯತ್ಯಾಸ ತುಂಬುವುದು ರೈತನ ಬಟವಾಡೆಯಿಂದಲೇ. ತಿರುಪತಿಯ ಹೆಸರಿನಿಂದ ಬರುವ ಪ್ರಚಾರ ಎಷ್ಟು ದೊಡ್ಡದೆಂದು ಯೋಚಿಸಿದರೆ ಈ ನಿರಾಕರಣೆಯ ತೂಕ ತಿಳಿಯುತ್ತದೆ. 2024ರಲ್ಲಿ ತುಪ್ಪದ ಗುಣಮಟ್ಟದ ವಿವಾದ ದೇಶವಿಡೀ ಸದ್ದು ಮಾಡಿದ ಹೊತ್ತಿಗೆ ನಂದಿನಿ ತುಪ್ಪ ಮತ್ತೆ ತಿರುಮಲದ ಹಾದಿ ಹಿಡಿದಿತ್ತು.

2023ರ ಏಪ್ರಿಲ್‌ನಲ್ಲಿ ಯಾರೂ ಎಣಿಸದ ಒಬ್ಬ ಪಾಲುದಾರ ಎದ್ದು ನಿಂತ: ನಾಡಿನ ಜನ. ಬೆಂಗಳೂರಿನಲ್ಲಿ ತಾಜಾ ಹಾಲು, ಮೊಸರು ಮಾರುತ್ತೇವೆ ಎಂದು ಅಮುಲ್ ಪ್ರಕಟಿಸಿದಾಗ ಕನ್ನಡ ಸಂಘಟನೆಗಳು ಬೀದಿಗೆ ಬಂದವು, ನಗರದ ಹೋಟೆಲು ಮಾಲೀಕರ ಸಂಘ ನಂದಿನಿಯನ್ನೇ ಬಳಸುತ್ತೇವೆ ಎಂದಿತು, ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಹಾಲು ಪ್ಯಾಕೆಟ್ ಬಂತು. ಅದಕ್ಕೆ ಕೆಲವೇ ದಿನ ಮೊದಲು ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂಬ ಕೇಂದ್ರದ ಆಹಾರ ಪ್ರಾಧಿಕಾರದ ಸೂಚನೆಗೆ ಕರ್ನಾಟಕ, ತಮಿಳುನಾಡು ಎರಡೂ ಕಡೆ ವಿರೋಧ ಬಂದು ಅದು ಹಿಂದೆ ಸರಿದಿತ್ತು. ಅಮುಲ್ ಕೂಡ ಗುಜರಾತಿನ ರೈತರದ್ದೇ ಸಹಕಾರಿ, ಅವರು ನಮಗೆ ಶತ್ರುಗಳಲ್ಲ. ಅದನ್ನು ಮರೆತು ಆಡಿದ ಮಾತುಗಳು ನನಗೆ ಹಿಡಿಸಲಿಲ್ಲ. ಆದರೆ ಜನರ ಆತಂಕ ಬರಿಯ ಭಾವುಕತೆಯಾಗಿರಲಿಲ್ಲ. ಇಲ್ಲಿನ ಪೇಟೆ ಹೋದರೆ ಇಲ್ಲಿನ ಹಳ್ಳಿಯ ಡೇರಿಯ ಬಟವಾಡೆ ಹೋಗುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಕಂಡಿದ್ದರು. ಆ ದಿನಗಳ ನಂತರ ನಂದಿನಿಗೆ ನಾಡಿನ ಹೆಸರು ಕಾಪಾಡುವುದೂ ಒಂದು ಗುರಿಯಾಯಿತು. 2024ರ ನವೆಂಬರ್‌ನಲ್ಲಿ ದಿಲ್ಲಿಯ ಮಾರುಕಟ್ಟೆಗೆ ಹೋದದ್ದರಲ್ಲಿ ಹಾಲಿನ ಹೆಚ್ಚಳದ ಲೆಕ್ಕದ ಜೊತೆಗೆ ಆ ಹುಮ್ಮಸ್ಸೂ ಸೇರಿದೆ ಎಂದು ನನಗೆ ತೋರುತ್ತದೆ.

ಮಾತು ನಡೆಯದವರ ಕಡೆಗೂ ನೋಡಬೇಕು. ಕೋಲಾರ ಹಾಲಿಗೆ ಹೆಸರಾದ ಜಿಲ್ಲೆ. ಅದೇ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಗುತ್ತಿಗೆ ನೌಕರರ ಸಿಟ್ಟು ಹಿಂಸೆಗೆ ತಿರುಗಿ ಗಾಜು, ಯಂತ್ರ, ವಾಹನಗಳು ಪುಡಿಯಾದವು. ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ದೂರು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ನನ್ನ ಗಮನ ಇರುವುದು ಮುಂದೆ ನಡೆದದ್ದರ ಮೇಲೆ. ಆ್ಯಪಲ್ ತಪಾಸಣೆ ಮಾಡಿ, ತನ್ನ ನಿಯಮ ಮುರಿದಿದೆ ಎಂದು ಆ ಕಂಪನಿಯನ್ನು ಪರೀಕ್ಷಾವಧಿಯಲ್ಲಿಟ್ಟು, ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಕಂಪನಿ ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆದು ಕ್ಷಮೆ ಕೇಳಿತು. ನೌಕರರ ದೂರು ಆಡಳಿತದ ಕಿವಿಗೆ ಬಿದ್ದದ್ದು ಬಿಟ್ಟುಹೋಗಬಲ್ಲ ದೊಡ್ಡ ಗಿರಾಕಿಯ ಬಾಯಿಂದ. ಆ ನೌಕರರಿಗೆ ಆಡಳಿತದಲ್ಲಿ ಕುರ್ಚಿ ಇರಲಿಲ್ಲ, ಮತ ಇರಲಿಲ್ಲ, ಬೇರೆ ಕೆಲಸ ಹಿಡಿದು ಹೋಗುವ ಬಲವೂ ಇರಲಿಲ್ಲ. 166ನೇ ಸೆಕ್ಷನ್ನಿನಲ್ಲಿ ನೌಕರರ ಹಿತ ಎಂಬ ಪದ ಆಗಲೂ ಇತ್ತು.

ಕಾಮರ್ಸ್ ಓದುವ ಆ ಹುಡುಗಿಗೆ ಇದನ್ನೇ ಹೇಳಬೇಕು. ಹಿತ ಇರುವುದು ಬೇರೆ, ಮಾತು ನಡೆಯುವುದು ಬೇರೆ. ಯಾರಿಗೆ ಎಷ್ಟು ನಷ್ಟ ಎಂದು ತೂಗಿ ಸಂಸ್ಥೆಗಳು ಗುರಿ ಇಟ್ಟುಕೊಳ್ಳುವುದು ಕಡಿಮೆ. ಬಿಟ್ಟುಹೋಗಬಲ್ಲವರು, ಮತ ಹಾಕಬಲ್ಲವರು, ಹಣ ಕೊಡುವವರು, ಗದ್ದಲ ಎಬ್ಬಿಸಬಲ್ಲವರು, ಇವರ ನಡುವಿನ ಎಳೆದಾಟದಲ್ಲಿ ಗುರಿ ಆಚೀಚೆ ಸರಿಯುತ್ತದೆ. ನಂದಿನಿಯಲ್ಲಿ ರೈತನಿಗೆ ಕುರ್ಚಿ ಇರುವುದರಿಂದ ಅವನ ಹಿತ ಅಷ್ಟಾದರೂ ಉಳಿದಿದೆ. ಒಕ್ಕೂಟದ ಘಟಕದಲ್ಲಿ ರಾತ್ರಿ ಪಾಳಿ ಮಾಡುವ ಗುತ್ತಿಗೆ ಕಾರ್ಮಿಕನಿಗೆ, ಬೂತಿನವರಿಗೆ ಅದು ಇಲ್ಲ.

ರೈತ ಎಂದು ಇಷ್ಟು ಹೊತ್ತು ಗಂಡಸಿನಂತೆ ಬರೆದೆ, ಡೇರಿಯ ಸಾಲಿನಲ್ಲಿ ಅರ್ಧಕ್ಕೂ ಹೆಚ್ಚು ನಿಂತಿರುವುದು ಹೆಂಗಸರು. ಹುಲ್ಲು ಕೊಯ್ದು ತರುವವರು, ಕೊಟ್ಟಿಗೆ ಬಳಿಯುವವರು, ಕರೆಯುವವರು, ಕರುವಿಗೆ ಕಾಯಿಲೆ ಬಂದರೆ ರಾತ್ರಿ ಎದ್ದು ಕೂರುವವರು ಅವರೇ. ಸದಸ್ಯತ್ವದ ಪುಸ್ತಕ ಮಾತ್ರ ಬಹಳ ಮನೆಗಳಲ್ಲಿ ಗಂಡನ ಹೆಸರಲ್ಲಿದೆ, ಹಾಗಾಗಿ ಮತವೂ ಅವನದ್ದೇ. ಕೇಂದ್ರದ ಸ್ಟೆಪ್ ಯೋಜನೆಯಲ್ಲಿ ಕಟ್ಟಿದ ಮಹಿಳಾ ಹಾಲು ಸಂಘಗಳು ನಮ್ಮಲ್ಲಿ ಬಹಳ ಇವೆ, ಅಲ್ಲಿ ಅಧ್ಯಕ್ಷೆಯೂ ಹೆಣ್ಣು, ಕಾರ್ಯದರ್ಶಿಯೂ ಹೆಣ್ಣು. ಅಂಥ ಒಂದು ಸಂಘದ ಸಭೆಯಲ್ಲಿ ಕೂತಿದ್ದೆ. ಹೊಸ ಕಟ್ಟಡ ಬೇಕೋ ಬೋನಸ್ ಬೇಕೋ ಎಂಬ ಚರ್ಚೆ ಅಲ್ಲಿ ಬೇರೆ ಕಡೆಯಂತೆ ಸಾಗಲಿಲ್ಲ. ಒಬ್ಬರು ಎದ್ದು, ಎರಡೂ ಬೇಡ, ಪಶುವೈದ್ಯರು ವಾರಕ್ಕೆ ಎರಡು ದಿನ ಬರುವಂತೆ ಮಾಡಿ, ಕೆಚ್ಚಲು ಬಾವು ಬಂದರೆ ಒಂದು ತಿಂಗಳ ಬಟವಾಡೆ ಹೋಗುತ್ತದೆ ಅಂದರು. ಉಳಿದವರೆಲ್ಲ ಹೌದು ಹೌದು ಅಂದರು. ಕಟ್ಟಡದ ವಿಷಯ ಅಲ್ಲಿಗೇ ನಿಂತಿತು.

ಹಾಗಾಗಿ ಹಳ್ಳಿಯಿಂದ ಪತ್ರ ಬರೆಯುವವರಿಗೆ ನನ್ನದೊಂದು ಸಲಹೆ ಇದೆ. ಸಂಘಗಳ ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಅದಕ್ಕೆ ಮೊದಲೇ ಹಾಲು ಕರೆಯುವವರ ಹೆಸರಿಗೆ ಸದಸ್ಯತ್ವ ಮಾಡಿಸಿ, ಅವರನ್ನೇ ಸಭೆಗೆ ಕಳಿಸಿ. ಗ್ರಾಹಕ ಕೊಟ್ಟ 46 ರೂಪಾಯಿಯಲ್ಲಿ ನಮಗೆಷ್ಟು, ಸಾಗಣೆಗೆಷ್ಟು, ಸಂಸ್ಕರಣೆ ಮತ್ತು ಪ್ಯಾಕಿಂಗಿಗೆಷ್ಟು, ಬೂತಿನವರಿಗೆಷ್ಟು, ಒಕ್ಕೂಟದ ಆಡಳಿತಕ್ಕೆಷ್ಟು ಎಂಬ ವಿವರವನ್ನು ಡೇರಿಯ ಗೋಡೆಯ ಮೇಲೆ ಬರೆಸಿ ಎಂದು ಕೇಳಿ. ನಗರದವರು ಅದೇ ವಿವರವನ್ನು ಬೂತಿನ ಮುಂದೆ ಹಾಕಿ ಎಂದು ಮಹಾಮಂಡಳಕ್ಕೆ ಬರೆಯಬಹುದು. ಎರಡೂ ಕಡೆಯವರ ಕೈಯಲ್ಲಿ ಒಂದೇ ಲೆಕ್ಕ ಇದ್ದರೆ, ಮುಂದಿನ ಬಾರಿ ದರ ಏರಿದಾಗ ‘ಯಾರ ಪರ’ ಎಂಬ ಪ್ರಶ್ನೆಗೆ ಉತ್ತರಕ್ಕಾಗಿ ಈ ಅಂಕಣಕ್ಕೆ ಬರೆಯಬೇಕಾಗುವುದಿಲ್ಲ.